ಹದಿಮೂರು ಅಡಿ ನೀರು

ಸುಣ್ಣ ಬಳಿದ ಕಲ್ಲು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದಾರಿಯ ಎರಡೂ ಬದಿಗೆ ಒಂದೇ ಅಳತೆಯ ಕಲ್ಲು ಜೋಡಿಸಿ, ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದಿದ್ದಾರೆ ಎಂದರೆ ಯಾರೋ ದೊಡ್ಡವರು ಬರುತ್ತಿದ್ದಾರೆ ಎಂದೇ ಅರ್ಥ. ನಮ್ಮ ಶ್ರೀರಾಂಪುರದ ಶಾಲೆಯ ಮುಂದೆ ಒಮ್ಮೆ ಹಾಗೆ ಜೋಡಿಸಿದ್ದರು. ಅದರಲ್ಲಿ ಒಂದನ್ನು ಒದ್ದು ಕಾಲುಬೆರಳು ಊದಿಸಿಕೊಂಡು ಮನೆಗೆ ಬಂದೆ. ಹೆಂಡತಿ ಎಣ್ಣೆ ತಿಕ್ಕುತ್ತಾ, "ಆ ಕಲ್ಲು ನಿಮಗೇನು ಮಾಡಿತ್ತು?" ಎಂದು ಕೇಳಿದಳು. ಏನು ಮಾಡಿತ್ತು ಎಂದು ಐವತ್ತು ವರ್ಷದಿಂದ ಅವಳಿಗೂ ಹೇಳಿರಲಿಲ್ಲ.

ಹೋದ ತಿಂಗಳು ಚಿತ್ರದುರ್ಗದ ಮಾಜಿ ಸೈನಿಕರ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಮರ್ಯಾದೆ ಗೊತ್ತಿರುವ ಮನುಷ್ಯ.

"ಸಾರ್, ಈ ಸಲ ಯುದ್ಧದಾಗೆ ಇದ್ದೋರಿಗೆಲ್ಲ ಶಾಲು ಹೊದಿಸ್ತಾ ಇದೀವಿ. ನೀವು ಸಮುದ್ರದ ದಂಡೆ ಮ್ಯಾಲೆ ತೋಪು ಹೊಡೆದೋರು. ಒಂದು ಹತ್ತು ನಿಮಿಷ ಮಾತಾಡ್ರಿ. ಹಂಗೇ ಸ್ಮರಣ ಸಂಚಿಕೆಗೆ ಎರಡು ಪುಟ ಬರ್ಕೊಡ್ರಿ" ಎಂದ.

"ತುರುವನೂರಿನ ಹವಾಲ್ದಾರರನ್ನು ಕರೆದಿದ್ದೀರಾ?" ಎಂದು ಕೇಳಿದೆ.

"ಅವರಿನ್ನೂ ಗಟ್ಟಿಯಾಗೇ ಅವ್ರೆ ಸಾರ್. ಆದ್ರೆ ಅವರ ಡಿಸ್ಚಾರ್ಜ್ ಬುಕ್ಕಿನಾಗೆ ರೆಡ್ ಇಂಕ್ ಐತೆ. ಅಂಥೋರನ್ನ ಸ್ಟೇಜಿಗೆ ಕರೆದ್ರೆ ಚೆಂದಾಗಿರಲ್ಲ ಅಂತ ಕಮಿಟಿಯೋರು ಅಂದ್ರು."

ಸೇನೆಯಲ್ಲಿ ದೊಡ್ಡ ತಪ್ಪಿಗೆ ಶಿಕ್ಷೆಯಾದರೆ ಅದನ್ನು ಸೈನಿಕನ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. ಅದು ಬಿದ್ದವನು ಬಡ್ತಿಯ ಆಸೆ ಬಿಡಬೇಕು. ತುರುವನೂರಿನ ಹವಾಲ್ದಾರರ ಪುಸ್ತಕದಲ್ಲಿ ಆ ಕೆಂಪು ಅಕ್ಷರ ಬೀಳುವಂತೆ ಮಾಡಿದವನು ನಾನು. ನನಗೆ ಶಾಲು, ಅವರಿಗೆ ಇಲ್ಲ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಆ ಸಿಟ್ಟು ಕಮಿಟಿಯವರ ಮೇಲೆ ಎಷ್ಟು, ನನ್ನ ಮೇಲೆ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಅವರು ಕೇಳಿದ ಎರಡು ಪುಟ ಇದೇ. ಎರಡಕ್ಕಿಂತ ಜಾಸ್ತಿಯಾಗುತ್ತದೆ. ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಯುದ್ಧ ಶುರುವಾಗುವುದಕ್ಕೆ ಮೊದಲೇ ನಮ್ಮ ಬ್ಯಾಟರಿಯನ್ನು ಪಶ್ಚಿಮ ಕರಾವಳಿಯ ಒಂದು ಸಣ್ಣ ಬಂದರಿಗೆ ಕಳಿಸಿದರು. ಬ್ಯಾಟರಿ ಎಂದರೆ ನಾಲ್ಕು ತೋಪು, ಅವುಗಳನ್ನು ನಡೆಸುವ ಆಳುಗಳು. ಬಂದರಿನ ನೆತ್ತಿಯ ಮೇಲೆ ಒಂದು ಬೋಳುಗುಡ್ಡ. ಅಲ್ಲಿ ತೋಪು ಹೂಡಿ, ಶತ್ರುವಿನ ಹಡಗು ಬಂದರಿನೊಳಗೆ ನುಗ್ಗದಂತೆ ಕಾಯಬೇಕು. ಕೊಟ್ಟದ್ದು ಡಿಪೋದಲ್ಲಿ ಎಷ್ಟೋ ವರ್ಷ ಮಲಗಿದ್ದ ಹಳೆಯ ತೋಪುಗಳನ್ನು. ನಳಿಗೆಯೊಳಗೆ ಗ್ರೀಸು ಗಟ್ಟಿಯಾಗಿ ಹರಳುಗಟ್ಟಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಗೋಣಿಚೀಲದ ತುಂಡುಗಳನ್ನು ಉದ್ದನೆಯ ಕೋಲಿಗೆ ಸುತ್ತಿ ಮೂರು ದಿನ ತಿಕ್ಕಿದೆವು. ಅನ್ನಕ್ಕೂ ಸೀಮೆಎಣ್ಣೆ ವಾಸನೆ ಬರುತ್ತಿತ್ತು.

ಮೊದಲ ತೋಪಿನ ಮುಖ್ಯಸ್ಥರು ತುರುವನೂರಿನ ಹವಾಲ್ದಾರರು. ಆಗಲೇ ಇಪ್ಪತ್ತೆರಡು ವರ್ಷ ಸೇವೆಯಾಗಿತ್ತು. ಹಿಂದೆ ಕರಾವಳಿಯ ಬ್ಯಾಟರಿಯೊಂದರಲ್ಲಿ ಕೆಲಸ ಮಾಡಿ ಗೊತ್ತಿದ್ದವರು ಇಡೀ ಗುಡ್ಡದ ಮೇಲೆ ಅವರೊಬ್ಬರೇ. ನಮ್ಮ ಕ್ಯಾಪ್ಟನ್‌ಗೆ ಇಪ್ಪತ್ತಾರೋ ಇಪ್ಪತ್ತೇಳೋ. ನೆಲದ ಮೇಲೆ ತೋಪು ಹೊಡೆಸಿ ಕಲಿತವನು. ಸಮುದ್ರವನ್ನು ಅವನೂ ನನ್ನ ಹಾಗೆ ದಂಡೆಯಿಂದಲೇ ನೋಡಿದ್ದು. ಆದರೆ ಗೊತ್ತಿಲ್ಲ ಎನ್ನುವುದು ಅವನ ಬಾಯಿಗೆ ಬರದ ಮಾತು.

ನನ್ನ ಕೆಲಸ ದೂರ ಅಳೆಯುವುದು. ಅದಕ್ಕೊಂದು ಯಂತ್ರ ಕೊಟ್ಟಿದ್ದರು. ಕಬ್ಬಿಣದ ಕಾಲಿನ ಮೇಲೆ ಕೂರಿಸಿದ ದುರ್ಬೀನು. ದೋಣಿಯ ಒಡಲು ನೀರಿಗೆ ತಾಗುವ ಗೆರೆಗೆ ಸರಿಯಾಗಿ ಅದನ್ನು ಬಗ್ಗಿಸಬೇಕು. ದುರ್ಬೀನು ಎಷ್ಟು ಬಗ್ಗಿತು ಎನ್ನುವುದರ ಮೇಲೆ ದೋಣಿ ಎಷ್ಟು ಗಜ ದೂರ ಎಂದು ಯಂತ್ರವೇ ತೋರಿಸುತ್ತದೆ. ಆದರೆ ತಾನು ನೀರಿನಿಂದ ಎಷ್ಟು ಎತ್ತರದಲ್ಲಿದ್ದೇನೆ ಎಂದು ಅದಕ್ಕೆ ಮೊದಲು ತಿಳಿಸಬೇಕು. ಸಮುದ್ರ ಪೂರ್ತಿ ಇಳಿದಾಗ ನಮ್ಮ ಯಂತ್ರ ನೂರಿಪ್ಪತ್ತು ಅಡಿ ಮೇಲಿತ್ತು. ನೀರು ಏರಿದಷ್ಟೂ ಆ ಎತ್ತರದಿಂದ ಕಳೆಯುತ್ತಾ ಬರಬೇಕು. ಅದಕ್ಕೆಂದು ಪಕ್ಕದಲ್ಲೊಂದು ತಿರುಗಣೆ. ತಿರುಗಿಸದೆ ಬಿಟ್ಟರೆ ಯಂತ್ರ ಹತ್ತಿರ ಇರುವುದನ್ನು ದೂರ ಇದೆ ಎನ್ನುತ್ತದೆ.

ಇದನ್ನು ಹವಾಲ್ದಾರರು ವಿವರಿಸಿದಾಗ ನಾನು ನಕ್ಕೆ. ಹೊಸದುರ್ಗದ ಕಡೆಯವನಿಗೆ ನೀರು ಎಂದರೆ ಕೆರೆ, ಬಾವಿ. ಕೆರೆಯ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ ಇರುತ್ತದೆ. ಇಳಿದರೆ ಬೇಸಿಗೆ ಪೂರ್ತಿ ಹಿಡಿಯುತ್ತದೆ. ಅಂಥದ್ದರಲ್ಲಿ ಇಷ್ಟು ದೊಡ್ಡ ಸಮುದ್ರ ಊಟ ಮಾಡಿ ಮಲಗಿ ಏಳುವಷ್ಟರಲ್ಲಿ ಎರಡಾಳು ಎತ್ತರ ಏರುತ್ತದೆ ಎಂದರೆ ಯಾರು ನಂಬುತ್ತಾರೆ? ಗುಡ್ಡದ ಮೇಲಿನಿಂದ ನೋಡಿದರೆ ಅದು ಯಾವಾಗಲೂ ಒಂದೇ ಥರ ಕಾಣುತ್ತಿತ್ತು.

ಅವರು ಬೈಯಲಿಲ್ಲ. ಬಂದರಿನ ಕಲ್ಲುಮೆಟ್ಟಿಲಿಗೆ ಕರೆದುಕೊಂಡು ಹೋಗಿ, ನೀರಿಗಿಂತ ಒಂದೇ ಮೆಟ್ಟಿಲು ಮೇಲೆ ಕೂರಿಸಿದರು. "ನಾನು ಬರೋಗಂಟ ಇಲ್ಲೇ ಇರು. ಕಾಲು ನೆಂದಂಗೆಲ್ಲ ಒಂದೊಂದು ಮೆಟ್ಲು ಮ್ಯಾಕೆ ಬಾ" ಎಂದು ಹೇಳಿ ಹೋದರು. ಒಂದೂವರೆ ಗಂಟೆ ಕಳೆದು ಬಂದರು.

"ಎಷ್ಟು ಮೆಟ್ಲು ಬಿಟ್ಟೆ?"

"ಏಳು."

"ಅದನ್ನ ಯಂತ್ರಕ್ಕೆ ಯಾರು ಹೇಳಬೇಕು?"

"ನಾನು."

"ಹೂಂ. ನಡಿ ಹೋಗಾಣ."

ಅವರೇ ಒಂದು ಉದ್ದನೆಯ ಹಲಗೆಗೆ ಅಡಿ ಲೆಕ್ಕದಲ್ಲಿ ಗುರುತು ಬರೆದು ಬಂದರಿನ ಗೋಡೆಗೆ ಬಿಗಿದರು. ಅವರ ತಂದೆ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಓದಿ ಬರೆಯುವ ಕೆಲಸದಲ್ಲಿದ್ದವರಂತೆ. ಮಗನನ್ನು ಕಟ್ಟೆಯ ಮೇಲೆ ನಿಲ್ಲಿಸಿಕೊಂಡು ಓದಲು ಕಲಿಸಿದ್ದರಂತೆ. ಅಲೆ ಬಂದಾಗಿನದ್ದೂ ಅಲ್ಲ, ಹೋದಾಗಿನದ್ದೂ ಅಲ್ಲ, ನಡುವಿನದ್ದನ್ನು ಓದಬೇಕು. ಹಲಗೆಯ ಹತ್ತಿರ ಒಬ್ಬ ಸಿಪಾಯಿ, ಒಂದು ಫೋನು. ಗಂಟೆಗೊಮ್ಮೆ ಅವನು ಅಂಕಿ ಹೇಳಬೇಕು, ನಾನು ಪುಸ್ತಕದಲ್ಲಿ ಬರೆದು ತಿರುಗಣೆ ತಿರುಗಿಸಬೇಕು. ಹವಾಲ್ದಾರರು ನನಗೆ ಹಾಕಿದ್ದ ಕಟ್ಟಳೆ ಒಂದೇ: "ನೀರು ಕೇಳದೆ ದೂರ ಹೇಳಬ್ಯಾಡ."

ಯುದ್ಧ ಶುರುವಾದ ಮೊದಲ ದಿನಗಳಲ್ಲಿ ನಾವು ಕಾದದ್ದೇ ಬಂತು. ಬಂದರಿಗೆ ಬರುವ ದೋಣಿಗಳಿಗೆಲ್ಲ ಬಾವುಟದ ಗುರುತು ಕೊಟ್ಟಿದ್ದರು. ಅದನ್ನು ಏರಿಸಿದರೆ ಒಳಗೆ ಬಿಡಬೇಕು. ಏರಿಸದಿದ್ದರೆ ಇಲ್ಲಿಂದ ಬಾವುಟ ಬೀಸಿ ಕೇಳಬೇಕು, ಅದಕ್ಕೂ ಉತ್ತರ ಬಾರದಿದ್ದರೆ ದೋಣಿಗೆ ಮುನ್ನೂರು ಗಜ ಈಚೆ ನೀರಿನಲ್ಲಿ ಒಂದು ಎಚ್ಚರಿಕೆಯ ಗುಂಡು ಹಾಕಬೇಕು. ಹವಾಲ್ದಾರರ ತೋಪೇ ಎಚ್ಚರಿಕೆಯ ತೋಪು. ಆ ವಾರವೇ ಅವರಿಗೆ ನಾಯಬ್ ಸುಬೇದಾರ್ ಆಗಿ ಬಡ್ತಿಯ ಆದೇಶ ಬಂದಿತ್ತು. ಹೆಗಲಿಗೆ ನಕ್ಷತ್ರ ಹಚ್ಚುವುದೊಂದು ಬಾಕಿ. ಅವರು ತಂದೆಗೆ ಕಾಗದ ಬರೆದದ್ದು ನನಗೆ ಗೊತ್ತು, ಏಕೆಂದರೆ ಅಂಟಿಸುವ ಮೊದಲು ನನಗೆ ಓದಿ ಹೇಳಿದರು.

ಅಷ್ಟರಲ್ಲಿ ಬ್ರಿಗೇಡಿಯರ್ ಬರುತ್ತಾರೆ ಎಂದು ಸುದ್ದಿ ಬಂತು. ಶತ್ರು ಬಂದಿದ್ದರೂ ನಮ್ಮ ಕ್ಯಾಪ್ಟನ್ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಗುಡ್ಡದ ಬುಡದಿಂದ ತುದಿಯವರೆಗೆ ದಾರಿಯ ಎರಡೂ ಕಡೆ ಕಲ್ಲು ಜೋಡಿಸಿ ಸುಣ್ಣ ಹೊಡೆಯಬೇಕು, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯಬೇಕು ಎಂದು ಹುಕುಂ ಮಾಡಿದ. ರಾತ್ರಿ ದೀಪ ಹಚ್ಚಬೇಡಿ, ಶತ್ರುವಿಗೆ ಕಾಣುತ್ತದೆ ಎನ್ನುವ ಸೇನೆಯೇ ಹಗಲು ಎರಡು ಮೈಲಿಗೆ ಕಾಣುವ ಹಾಗೆ ಗುಡ್ಡಕ್ಕೆ ಬಿಳಿ ಗೆರೆ ಎಳೆಸುತ್ತಿತ್ತು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಹಲ್ಲು ಕಡಿಯುತ್ತೇನೆ.

ಬ್ರಿಗೇಡಿಯರ್ ಬರುವ ದಿನ ಬೆಳಿಗ್ಗೆಯೂ ಅರ್ಧ ದಾರಿಗೆ ಸುಣ್ಣ ಬಿದ್ದಿರಲಿಲ್ಲ. ಕೈಗೆ ಸಿಕ್ಕವರನ್ನೆಲ್ಲ ಕ್ಯಾಪ್ಟನ್ ಸುಣ್ಣದ ಬಕೆಟ್ಟಿಗೆ ಹಾಕಿದ. ಎಂಟು ಗಂಟೆಗೆ ಹಲಗೆಯ ಸಿಪಾಯಿ ನನಗೆ ನಾಲ್ಕು ಅಡಿ ಎಂದು ಹೇಳಿದ. ಅದೇ ಅವನು ಅವತ್ತು ಹೇಳಿದ ಕೊನೆಯ ಅಂಕಿ. ಅವನನ್ನೂ ಸುಣ್ಣಕ್ಕೆ ಕರೆಸಿಕೊಂಡರು.

ಹವಾಲ್ದಾರರು ಅದನ್ನು ನೋಡಿ ಕ್ಯಾಪ್ಟನ್ ಹತ್ತಿರ ಹೋದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಸಲ್ಯೂಟ್ ಹೊಡೆದು, ಹಿಂದಿಯಲ್ಲಿ, ನೀರಿನ ಹಲಗೆಯ ಆಳನ್ನು ತೆಗೆಯಬಾರದು, ನೀರು ಏರುವ ಹೊತ್ತು ಇದು ಎಂದರು. ಕ್ಯಾಪ್ಟನ್ ಅವರ ಮುಖ ಕೂಡ ನೋಡಲಿಲ್ಲ. ಒಂದು ಗಂಟೆಯಲ್ಲಿ ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಕಲ್ಲು ಮುಗಿದ ತಕ್ಷಣ ವಾಪಸ್ ಕಳಿಸುತ್ತೇನೆ ಎಂದ. ಹವಾಲ್ದಾರರು ಇನ್ನೊಂದು ಸಲ ಹೇಳಿದರು. ಹುಕುಂ ಎಂದರೆ ಹುಕುಂ ಎಂದು ಅವರನ್ನು ತೋಪಿನ ಹತ್ತಿರಕ್ಕೆ ಅಟ್ಟಿದ.

ಒಂದು ಗಂಟೆ ಮೂರು ಗಂಟೆಯಾಯಿತು. ನಾನು ಹಲಗೆಯ ಹತ್ತಿರದ ಫೋನಿಗೆ ಎರಡು ಸಲ ಕರೆ ಮಾಡಿದೆ. ಯಾರೂ ಎತ್ತಲಿಲ್ಲ. ತಿರುಗಣೆ ನಾಲ್ಕು ಅಡಿಯಲ್ಲೇ ಇತ್ತು. ಏಳು ಮೆಟ್ಟಿಲು ಹತ್ತಿಸಿ ಕಲಿಸಿದ ಪಾಠ ನನಗೆ ಮರೆತಿರಲಿಲ್ಲ. ಕೆಳಗೆ ಓಡಿಹೋಗಿ ನೋಡಿಕೊಂಡು ಬರಲು ಹತ್ತು ನಿಮಿಷ ಸಾಕಿತ್ತು. ಜಾಗ ಬಿಟ್ಟರೆ ಕ್ಯಾಪ್ಟನ್ ಬೈಯುತ್ತಾನೆ ಎಂದು ಕೂತೆ. ಕಣ್ಣಿಗೆ ಸಮುದ್ರ ಎಂದಿನ ಹಾಗೇ ಇತ್ತು, ನಮ್ಮೂರ ಕೆರೆಯ ಹಾಗೆ.

ಹನ್ನೊಂದು ಗಂಟೆಗೆ ಮಂಜಿನ ಮಬ್ಬಿನಿಂದ ಒಂದು ಹಾಯಿದೋಣಿ ಹೊರಬಂತು. ಬಂದರಿಗೇ ಮುಖ ಮಾಡಿತ್ತು. ಬಾವುಟ ಕಾಣಲಿಲ್ಲ. ಇಲ್ಲಿಂದ ಬೀಸಿದ ಬಾವುಟಕ್ಕೆ ಉತ್ತರವೂ ಬರಲಿಲ್ಲ. ಇನ್ನೊಂದು ಸಲ ಬೀಸಿ ಕಾಯುವಷ್ಟು ಸಮಯ ಇತ್ತು. ಬ್ರಿಗೇಡಿಯರ್‌ನ ಜೀಪು ಹೊರಟಿದೆ ಎಂದು ಆಗ ತಾನೇ ಸುದ್ದಿ ಬಂದಿತ್ತು. ಅವರು ಬರುವ ಹೊತ್ತಿಗೆ ಒಂದು ಗುಂಡು ಹಾರಿದ್ದರೆ ಚೆನ್ನ ಎಂದು ಕ್ಯಾಪ್ಟನ್ ತಲೆಯಲ್ಲಿ ಇತ್ತೋ ಏನೋ, ಆಣೆ ಮಾಡಿ ಹೇಳಲಾರೆ. ನನ್ನ ಪಕ್ಕದಲ್ಲಿ ನಿಂತು ದೂರ ಎಷ್ಟು ಎಂದು ಕೂಗಿದ.

ದೋಣಿಯ ಬುಡಕ್ಕೆ ದುರ್ಬೀನು ಬಗ್ಗಿಸಿದೆ. ನಾಲ್ಕು ಸಾವಿರದ ಮುನ್ನೂರು ಗಜ. ತೋಪಿಗೆ ಫೋನಿನಲ್ಲಿ ಅದನ್ನೇ ಹೇಳಿದೆ. ಆ ಕಡೆಯಿಂದ ಹವಾಲ್ದಾರರು ಕನ್ನಡದಲ್ಲಿ ಕೇಳಿದರು:

"ಹಲಗೆ ಹತ್ರ ಆಳು ವಾಪಸ್ ಬಂದ್ನಾ? ನೀರು ತಗಂಡಿದೀಯ?"

ಕ್ಯಾಪ್ಟನ್ ನನ್ನ ಭುಜದ ಮೇಲೆಯೇ ಬಗ್ಗಿದ್ದ. ಇಲ್ಲ ಎನ್ನಬೇಕಿತ್ತು. ಎರಡಕ್ಷರ.

"ಹೂಂ" ಎಂದೆ.

ಮುನ್ನೂರು ಗಜ ಈಚೆಗೆ ಹೊಡೆಯಬೇಕಾದ್ದರಿಂದ ತೋಪನ್ನು ನಾಲ್ಕು ಸಾವಿರಕ್ಕೆ ಇಟ್ಟರು. ದೋಣಿ ನಿಜಕ್ಕೂ ಇದ್ದದ್ದು ನಾಲ್ಕು ಸಾವಿರದಲ್ಲೇ. ಗುಂಡು ಹಾರಿತು. ನಾನು ದುರ್ಬೀನಿನಲ್ಲಿ ಕಣ್ಣಿಟ್ಟೇ ಇದ್ದೆ. ದೋಣಿಯ ಮುಂದೆ ನೀರು ಚಿಮ್ಮಬೇಕಿತ್ತು. ಚಿಮ್ಮಿದ್ದು ಹಲಗೆಯ ತುಂಡು, ಬಟ್ಟೆ, ಮತ್ತೆ ಏನೋ ಬೆಳ್ಳಗೆ ಪುಡಿಪುಡಿ. ಅದು ಉಪ್ಪು ಎಂದು ಆಮೇಲೆ ಗೊತ್ತಾಯಿತು.

ಹವಾಲ್ದಾರರು ತೋಪು ಬಿಟ್ಟು ಗುಡ್ಡ ಇಳಿದು ಓಡಿದರು. ಬಂದರಿನ ಮೋಟಾರು ದೋಣಿ ಹತ್ತಿ ಹೋದರು. ನಾನೂ ಇಳಿದೆ, ಆದರೆ ಮೆಟ್ಟಿಲ ಮೇಲೆ ನಿಂತೆ. ಉಪ್ಪು ತುಂಬಿಕೊಂಡು ಪಕ್ಕದ ಊರಿನಿಂದ ಬರುತ್ತಿದ್ದ ನಮ್ಮ ದೇಶದ್ದೇ ದೋಣಿ. ನಾಲ್ಕು ಜನ ಇದ್ದರು. ಬಾವುಟ ಏರಿಸಿದ್ದರು, ಅದು ಹಾಯಿಯ ಹಿಂದೆ ಸಿಕ್ಕಿಕೊಂಡಿತ್ತು. ಇಬ್ಬರಿಗೆ ಏನೂ ಆಗಿರಲಿಲ್ಲ. ಒಬ್ಬನ ಕಾಲು ಹೋಗಿತ್ತು. ಒಬ್ಬನನ್ನು ಹವಾಲ್ದಾರರು ತಮ್ಮ ತೋಳಿನಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅರ್ಧ ಹತ್ತುವಷ್ಟರಲ್ಲಿ ಅವನ ಉಸಿರು ನಿಂತಿತು. ಅವರು ಮೆಟ್ಟಿಲ ಮೇಲೇ ಕೂತು ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ತಿರುಗಿ ಗೋಡೆಯ ಹಲಗೆ ನೋಡಿದರು. ಆಮೇಲೆ ನನ್ನನ್ನು.

"ಹದಿಮೂರು ಐತೆ ಕಣಲೇ" ಎಂದರು. "ಹದಿಮೂರು."

ಅವರ ಅಂಗಿಯ ತುಂಬ ರಕ್ತ, ಉಪ್ಪು. ನನ್ನ ಕೈಬೆರಳಿಗೆ ಏನೂ ಅಂಟಿರಲಿಲ್ಲ.

ಬ್ರಿಗೇಡಿಯರ್ ಬಂದ. ಆ ಕಲ್ಲುಗಳ ನಡುವೆಯೇ ನಡೆದು ಗುಡ್ಡ ಹತ್ತಿದ, ಆದದ್ದನ್ನು ಕೇಳಿಕೊಂಡ, ತನಿಖೆಯಾಗಲಿ ಎಂದು ಹೇಳಿ ಇಳಿದ. ಸುಣ್ಣ ಇನ್ನೂ ಹಸಿಯಾಗಿತ್ತು.

ಅವನು ಹೋದ ಮೇಲೆ, ಸಂಜೆಯ ಬೆಳಕು ಇರುವಾಗಲೇ, ಕ್ಯಾಪ್ಟನ್ ನನ್ನನ್ನು ಡೇರೆಗೆ ಕರೆದ. ನೀರಿನ ಪುಸ್ತಕ ತರಲು ಹೇಳಿದ. ಎಂಟು ಗಂಟೆಯ ಕೆಳಗೆ ಖಾಲಿ ಇತ್ತು. ಖಾಲಿ ಇದ್ದರೆ ಏನಾಗುತ್ತದೆ ಗೊತ್ತಾ ಎಂದು ಕೇಳಿದ. ನೀರು ತಿಳಿಯದೆ ದೂರ ಹೇಳಿದ್ದು ನೀನು, ನಿನಗೆ ಜೈಲು ಎಂದ. ಆಮೇಲೆ ಮೆತ್ತಗಾದ. ಸಿಪಾಯಿಯನ್ನು ಕಳಿಸಿದ ಮೇಲೆ ಹಲಗೆ ಓದುವ ಜವಾಬ್ದಾರಿ ಹವಾಲ್ದಾರ್ ತಾನೇ ವಹಿಸಿಕೊಂಡಿದ್ದ, ಅವನೇ ನಿನಗೆ ಅಂಕಿ ಹೇಳಿದ, ಅಲ್ಲವೇ ಎಂದ. ಅಲ್ಲ ಎನ್ನಲು ನನಗೆ ಇನ್ನೊಂದು ಅವಕಾಶ ಅದು.

ನಾನು ಬರೆದೆ. ಅವನು ಹೇಳಿದ, ನಾನು ಬರೆದೆ. ಒಂಬತ್ತು ಗಂಟೆ, ನಾಲ್ಕು ಅಡಿ. ಹತ್ತು ಗಂಟೆ, ನಾಲ್ಕು. ಹನ್ನೊಂದು, ನಾಲ್ಕು. ಓದಿದವರು ಎನ್ನುವ ಕಡೆ ಮೂರು ಸಲ ಹವಾಲ್ದಾರರ ಹೆಸರು. ನನ್ನ ಅಕ್ಷರ ದುಂಡಗಿರುತ್ತದೆ, ಶಾಲೆಯಲ್ಲಿ ಬಹುಮಾನ ಬಂದಿತ್ತು. ಸಮುದ್ರ ಮೂರು ಗಂಟೆ ಅಲ್ಲಾಡದೆ ನಿಂತಿತ್ತು ಎಂದು ಬರೆಯುವಾಗಲೂ ದುಂಡಗೇ ಬರೆದೆ.

ನಾಲ್ಕು ದಿನ ಕಳೆದು ತನಿಖೆ. ಮೂವರು ಅಧಿಕಾರಿಗಳು, ಒಂದು ಮೇಜು, ಮೇಜಿನ ಮೇಲೆ ಆ ಪುಸ್ತಕ. ಈ ಅಂಕಿಗಳನ್ನು ಹವಾಲ್ದಾರ್ ನಿನಗೆ ಹೇಳಿದ್ದೇ ಎಂದು ಕೇಳಿದರು. ಹೌದು ಎಂದೆ. ಸುಣ್ಣಕ್ಕೆ ಕರೆಸಿದ್ದ ಸಿಪಾಯಿಯನ್ನು ಯಾರೂ ಕೇಳಲೇ ಇಲ್ಲ. ಹವಾಲ್ದಾರರಿಗೆ ನನ್ನನ್ನು ಪ್ರಶ್ನಿಸುವ ಹಕ್ಕಿತ್ತು. ಅವರು ನನ್ನ ಮುಖ ನೋಡಲಿಲ್ಲ, ಪುಸ್ತಕ ನೋಡಿದರು.

"ನಾನು ಓದಿದ್ದೇನಪ್ಪ ಇದು?" ಎಂದರು.

ಕನ್ನಡ ಬಾರದ ಅಧಿಕಾರಿ ಹಿಂದಿಯಲ್ಲಿ ಮಾತಾಡು ಎಂದ. ಅವರು ಮತ್ತೆ ಬಾಯಿ ತೆರೆಯಲಿಲ್ಲ. ಬಡ್ತಿಯ ಆದೇಶ ರದ್ದಾಯಿತು, ಕೆಂಪು ಶಾಯಿ ಬಿತ್ತು. ಯುದ್ಧ ಮುಗಿಯಿತು. ಅವರು ಹವಾಲ್ದಾರರಾಗಿಯೇ ಇನ್ನೆರಡು ವರ್ಷ ಇದ್ದು ಊರಿಗೆ ಹೋದರು. ಆ ಎರಡು ವರ್ಷದಲ್ಲಿ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕ್ಯಾಪ್ಟನ್ ಮೇಲೆ ಮೇಲೆ ಹೋದ. ಹೋಗಲಿ, ಅವನು ಹಾಗೆ ಮಾಡುವವನೇ. ನನಗೆ ಅವನ ಮೇಲೆ ಇರುವ ಸಿಟ್ಟು ಮಳೆಗಾಲದ ಜ್ವರದ ಹಾಗೆ, ಬಂದು ಹೋಗುತ್ತದೆ. ಪಾಠ ಕಲಿಸಿದವರ ಹೆಸರನ್ನು ಆ ಪುಸ್ತಕದಲ್ಲಿ ಮೂರು ಸಲ ಬರೆದ ಈ ಕೈ ಮಾತ್ರ ದಿನಾ ಊಟ ಮಾಡುವಾಗ ಕಣ್ಣಿಗೆ ಬೀಳುತ್ತದೆ.

ಆಮೇಲೆ ಐವತ್ತು ವರ್ಷ ನಾನು ತುರುವನೂರಿನ ಬಸ್ಸು ಹತ್ತಲಿಲ್ಲ. ಚಿತ್ರದುರ್ಗಕ್ಕೆ ನೂರು ಸಲ ಹೋಗಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಆ ಬೋರ್ಡು ಕಂಡರೆ ಮುಖ ತಿರುಗಿಸಿ ಟೀ ಅಂಗಡಿ ಕಡೆ ಹೋಗುತ್ತಿದ್ದೆ.

ಶಾಲಿನ ಕಾರ್ಯಕ್ರಮ ಭಾನುವಾರ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಎದೆಗೆ ಪದಕ ಸಿಕ್ಕಿಸಿಕೊಂಡು ಹೊರಟೆ. ಹೊಸದುರ್ಗ ದಾಟಿ, ಹೊಳಲ್ಕೆರೆ ದಾಟಿ ಬಸ್ಸು ಚಿತ್ರದುರ್ಗ ಸೇರುವವರೆಗೆ ಏನು ಮಾತಾಡಲಿ ಎಂದೇ ಯೋಚಿಸುತ್ತಿದ್ದೆ. ಧೈರ್ಯವಾಗಿ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ. ಮೈದಾನದ ಗೇಟಿನಲ್ಲಿ ಕಾರ್ಯದರ್ಶಿ ಕಾಯುತ್ತಿದ್ದ. ಗೇಟಿನಿಂದ ವೇದಿಕೆಯವರೆಗೆ ದಾರಿಯ ಎರಡೂ ಬದಿಗೆ ಕಲ್ಲು ಜೋಡಿಸಿ ಸುಣ್ಣ ಬಳಿದಿದ್ದರು. ಕೆಳಗೆ ಕೆಮ್ಮಣ್ಣಿನ ಪಟ್ಟಿ.

"ಬರ್ರಿ ಸಾರ್, ನಿಮ್ಮ ಕುರ್ಚಿ ಮುಂದಿನ ಸಾಲಿನಾಗೇ ಐತೆ" ಎಂದ ಅವನು.

ನನ್ನ ಕಾಲು ಆ ಕಲ್ಲುಗಳ ನಡುವೆ ಇಳಿಯಲಿಲ್ಲ. ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡೆ. "ಕುರ್ಚಿಗೆ ಬೇರೆ ಯಾರನ್ನಾದರೂ ಕೂರಿಸಪ್ಪ" ಎಂದು ಹೇಳಿ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದೆ. ತುರುವನೂರಿನ ಬಸ್ಸು ನಿಂತಿತ್ತು.

ಮನೆ ಕೇಳಿಕೊಂಡು ಹೋದೆ. ಹವಾಲ್ದಾರರು ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದರು. ತೊಂಬತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಅವರ ಮಗಳು ಒಳಗಿನಿಂದ ಬಂದರು, ಅವರಿಗೇ ಅರವತ್ತರ ಹತ್ತಿರ.

"ಬರ್ರಿ, ಕುಂತ್ಕಳ್ರಿ. ಯಾರು ಅಂತ ಗೊತ್ತಾಗಲಿಲ್ಲ."

ನಾನು ಹೆಸರು ಹೇಳಿದೆ. ಶ್ರೀರಾಂಪುರ, ಅದೇ ಬ್ಯಾಟರಿ ಎಂದೆ. ಮಗಳು ತಂದೆಯ ಕಿವಿಯ ಹತ್ತಿರ ಬಗ್ಗಿ ಹೇಳಿದರು. ತೋಪಿನ ಪಕ್ಕ ನಿಂತ ಕಿವಿಗಳು ಅವು, ನನ್ನದೇ ಒಂದು ಕಿವಿ ಹೋಗಿದೆ. ಹವಾಲ್ದಾರರು ನನ್ನ ಕಡೆ ತಿರುಗಿದರು.

"ಯಾತಕ್ಕೆ ಬಂದೆ?"

ಬಗ್ಗಿ ಮೆತ್ತಗೆ ಹೇಳಲು ಹೋದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ, ಇಬ್ಬರಿಗೇ ಕೇಳುವಂಥ ಮಾತು. ಅವರು ಕೈ ಅಡ್ಡ ಮಾಡಿದರು.

"ಕೇಳಿಸಲ್ಲ. ಜೋರಾಗಿ ಹೇಳು."

ಎದುರು ಮನೆಯ ಜಗಲಿಯಲ್ಲಿ ಮೂರು ಜನ ಕೂತಿದ್ದರು. ಬೀದಿಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು ನಿಂತ. ನಾನು ಕೂಗಿದೆ. ಅವತ್ತು ನೀರು ಕೇಳದೆ ದೂರ ಹೇಳಿದ್ದು ನಾನು ಎಂದು ಕೂಗಿದೆ. ನೀವು ಕೇಳಿದ್ದಕ್ಕೆ ಹೂಂ ಎಂದು ಸುಳ್ಳು ಹೇಳಿದೆ, ಪುಸ್ತಕದಲ್ಲಿ ನಿಮ್ಮ ಹೆಸರು ಬರೆದದ್ದೂ ನಾನೇ ಎಂದು ಕೂಗಿದೆ. ಎಪ್ಪತ್ತೈದು ವರ್ಷದವನು ಬೀದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗುವುದನ್ನು ಜನ ಸುಮ್ಮನೆ ನೋಡುತ್ತಿದ್ದರು.

"ನೀರು ಎಷ್ಟಿತ್ತು?" ಎಂದರು ಹವಾಲ್ದಾರರು.

"ಹದಿಮೂರು ಅಡಿ."

"ನಕ್ಷತ್ರ ಹೋದ್ರೆ ಹೋಯ್ತು ಕಣಲೇ. ನಾನು ನೀರು ತಪ್ಪು ಓದಿದೆ ಅಂತ ಬರೆದ್ಯಲ್ಲ. ನಮ್ಮಪ್ಪ ಮಾರಿಕಣಿವೆಯಾಗೆ ಅಳತೆ ಓದೋನು. ಅವನಿಗೆ ನಾನು ಏನಂತ ಹೇಳ್ಲಿ? ನಕ್ಷತ್ರ ಯಾಕೆ ಹಚ್ಚಲಿಲ್ಲ ಅಂತ ಸಾಯೋಗಂಟ ಕೇಳ್ದ. ನಾನು ಹೇಳಲೇ ಇಲ್ಲ."

ನಾನು ಅವರ ಕಾಲು ಮುಟ್ಟಲು ಹೋದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಕಾಲು ಬ್ಯಾಡ. ಬರೆದಿದ್ದಲ್ವಾ ನೀನು? ಬರೆದೇ ಸರಿ ಮಾಡು." ಆಮೇಲೆ ಕೇಳಿದರು, "ಆ ಸತ್ತೋನ ಹೆಸರು ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಈ ಐವತ್ತು ವರ್ಷದಲ್ಲಿ ನಾನು ಹವಾಲ್ದಾರರ ನಕ್ಷತ್ರಕ್ಕೆ ಮರುಗಿದ್ದೇನೆ, ನನ್ನ ನಾಚಿಕೆಗೆ ಮರುಗಿದ್ದೇನೆ. ಅವನ ಹೆಸರನ್ನು ಯಾರನ್ನೂ ಕೇಳಿರಲಿಲ್ಲ.

"ಮೆಟ್ಲು ಹತ್ತುವಾಗ ಕೇಳ್ದೆ, ಹೇಳ್ದ" ಎಂದರು ಹವಾಲ್ದಾರರು. "ಕಾಸಮ್. ಅದನ್ನೂ ಬರಿ. ಈಗ ಒಂದ್ಸಲ ಬಾಯಾಗೆ ಹೇಳು."

"ಕಾಸಮ್" ಎಂದೆ.

"ಕೇಳಿಸ್ಲಿಲ್ಲ."

ಮತ್ತೆ ಕೂಗಿದೆ. ಕೇಳಿಸಲಿಲ್ಲ ಎಂದರು. ಮೂರನೆಯ ಸಲ ಎಷ್ಟು ಜೋರಾಗಿ ಕೂಗಿದೆನೆಂದರೆ ಕುರಿಗಳು ಬೆದರಿ ಚದುರಿದವು. ಆಗ ಅವರು ಕಣ್ಣು ಮುಚ್ಚಿ ಕಂಬಕ್ಕೆ ತಲೆ ಆನಿಸಿದರು. ಇನ್ನು ಹೋಗು ಎಂದು ಅರ್ಥ.

ಅವರ ಮಗಳು ಬಸ್ಸಿನ ತನಕ ಬಂದರು. ಬೈಯುತ್ತಾರೇನೋ ಎಂದುಕೊಂಡಿದ್ದೆ, ಬೈಯಲಿಲ್ಲ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು ಹೇಳಿದರು:

"ನಮ್ಮಪ್ಪ ಬೆಳಗ್ಗೆಯಿಂದ ಕಿವಿ ಮಿಷಿನ್ ಹಾಕ್ಕಂಡೇ ಇದ್ರು. ನೀವು ಮೊದ್ಲು ಮೆತ್ತಗೆ ಹೇಳಿದ್ದೂ ಕೇಳಿಸಿರತ್ತೆ."